ಮನೆ ಮಹಡಿ ಮೇಲೆ ಹ್ಯಾಮ್ (ಹವ್ಯಾಸಿ) ರೇಡಿಯೋ ಆಂಟೆನಾಗೆ ಬಿದಿರು, ಪಿವಿಸಿ, ಜಿಐ ಪೈಪ್: ಇವುಗಳಲ್ಲಿ ಯಾವ ಕಂಬ ಒಳ್ಳೆಯದು?

ಕಂಬದ ಮೇಲೆ ಏನು ಕೂರುತ್ತದೆ ಅನ್ನೋದನ್ನು ಮೊದಲು ನೋಡಿ.

7 ಮೆಗಾಹರ್ಟ್ಸ್‌ನ ತಂತಿ ಡೈಪೋಲ್ (ನಡುವಿನಿಂದ ಎರಡೂ ಕಡೆ ಚಾಚುವ ಆಂಟೆನಾ) ಆದರೆ ಸುಮಾರು 20 ಮೀಟರ್ ತಂತಿಯನ್ನು ನಡುವೆ ಎತ್ತಿ ಹಿಡಿದರೆ ಸಾಕು. ಅದಕ್ಕೆ ಬಲಿತು ಒಣಗಿದ ಬಿದಿರು ಧಾರಾಳ. ಹಗುರ, ಅಗ್ಗ. ವಾರ್ನಿಷ್ ಬಳಿಯಿರಿ, ಮೇಲ್ತುದಿ ಮುಚ್ಚಿ. ಒಳಗೆ ಮಳೆನೀರು ನಿಂತರೆ ಬೇಗ ಕೊಳೆಯುತ್ತದೆ.

ಪಿವಿಸಿ ಬೇಡವೇ ಬೇಡ. ಬಿಸಿಲಿಗೆ ಮೆತ್ತಗಾಗಿ ಬಾಗುತ್ತದೆ, ಕ್ರಮೇಣ ಪೆಡಸಾಗಿ ಒಡೆಯುತ್ತದೆ.

ಯಾಗಿಯಂಥ (ಒಂದು ದಂಡಕ್ಕೆ ಲೋಹದ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ, ಹಳೇ ಟಿವಿ ಆಂಟೆನಾದಂಥದ್ದು) ಭಾರದ ಆಂಟೆನಾಗೆ, ಗಾಳಿ ಜಾಸ್ತಿ ಇರುವ ಕಡೆ, ನನ್ನ ಆಯ್ಕೆ ಜಿಐ ಪೈಪ್. ಆದರೆ ಒಂದು ವಿಷಯ ಗಮನಿಸಿ. 144–146 ಮೆಗಾಹರ್ಟ್ಸ್‌ನಲ್ಲಿ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಕೇಂದ್ರ) ಬಳಸಲು ಯಾಗಿಯ ಕಡ್ಡಿಗಳನ್ನು ಸಾಮಾನ್ಯವಾಗಿ ನೆಟ್ಟಗೆ ನಿಲ್ಲಿಸುತ್ತೇವೆ, ಅಲ್ವಾ? ಆಗ ಅವುಗಳ ನಡುವೆ ಲೋಹದ ಕಂಬ ನೆಟ್ಟಗೆ ಬಂದರೆ ಅದೂ ಒಂದು ಕಡ್ಡಿಯಂತೆ ವರ್ತಿಸಿ ಸಿಗ್ನಲ್ ಕೆಡಿಸುತ್ತದೆ. ಮೇಲಿನ ಒಂದೆರಡು ಮೀಟರ್‌ಗೆ ಫೈಬರ್‌ಗ್ಲಾಸ್ ಕೊಳವೆ ಹಾಕಿ. ಕಾರ್ಬನ್ ಫೈಬರ್ ಬೇಡ, ಅದರಲ್ಲಿ ವಿದ್ಯುತ್ ಹರಿಯುತ್ತದೆ.

ಅಲ್ಯೂಮಿನಿಯಂ ಹಗುರ, ನಿಜ. ಆದರೆ ಕರಾವಳಿಯ ಉಪ್ಪುಗಾಳಿಯಲ್ಲಿ ಕಬ್ಬಿಣದ ಬೋಲ್ಟ್ ತಾಗುವ ಜಾಗ ಸವೆಯುತ್ತದೆ.

ಯಾವ ಕಂಬವಾದರೂ ಮೂರು ದಿಕ್ಕಿಗೆ ಹಗ್ಗ ಬಿಗಿಯಿರಿ. ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ, ಪಾಲಿಯೆಸ್ಟರ್ ವಾಸಿ. ಲೋಹದ ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಅರ್ತ್ ಮಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಕಂಬ ಯಾವ ಕಡೆ ಬಿದ್ದರೂ ಕಂಬವಾಗಲಿ, ಆಂಟೆನಾ ತಂತಿಯಾಗಲಿ ಕರೆಂಟ್ ಲೈನಿಗೆ ತಾಗದಷ್ಟು ದೂರ ಇರಲೇಬೇಕು.