ಅಣ್ಣನಿಗೆ ಶೇ. 30 ಅಂಗವೈಕಲ್ಯ ಎಂದು ಬರೆದಿದ್ದಾರೆ, ಪಿಂಚಣಿ ಎಷ್ಟು ಸಿಗುತ್ತದೆ?

ಮದ್ದೂರಿನ ನಿಮ್ಮಣ್ಣ 17 ವರ್ಷ ಸೇವೆ ಮುಗಿಸಿ 2019ರಲ್ಲಿ ಸೇನೆಯಿಂದ ಬಂದವರು, ಮಂಡಿಗೆ ಪೆಟ್ಟು ಎಂದಿದ್ದೀರಿ. ಶೇ. 30 ಅಂದರೆ ಸಂಬಳದ ಶೇ. 30 ಅಲ್ಲ, ಹೆಚ್ಚಿನವರು ಎಡವುವುದೇ ಇಲ್ಲಿ.

ಪೂರ್ತಿ ಶೇ. 100 ವೈಕಲ್ಯಕ್ಕೆ ಕೊನೆಯ ವೇತನದ ಶೇ. 30 ಕೊಡುತ್ತಾರೆ. ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ: ಶೇ. 100ಕ್ಕೆ 12,000, ಶೇ. 30ಕ್ಕೆ 3,600. ಮಾಮೂಲಿ ಪಿಂಚಣಿಯ ಮೇಲೆ ಇದು ಹೆಚ್ಚುವರಿ.

ಆದರೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಪರಿಗಣಿಸುವ ಪದ್ಧತಿಯಿದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಹಾಗಾದರೆ 3,600 ಅಲ್ಲ, 6,000. ಇದು ತಾನಾಗಿ ಬರುತ್ತದೆಂದು ಕಾಯಬೇಡಿ, ಕೇಳಿ ಪಡೆಯಿರಿ. (2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳಿವೆ. ನಿಮ್ಮಣ್ಣ ಅದಕ್ಕೂ ಮೊದಲೇ ಬಂದವರು.)

ನನ್ನ ಪ್ರಕಾರ ಶೇಕಡಾವಾರಿಗಿಂತ ಮುಖ್ಯವಾದದ್ದು ಮೆಡಿಕಲ್ ಬೋರ್ಡ್ (ಸೇನೆಯ ವೈದ್ಯರ ಮಂಡಳಿ) ಬರೆದ ಇನ್ನೊಂದು ಸಾಲು: ಗಾಯ ಸೇವೆಯಿಂದಲೇ ಆಯಿತೇ, ಅಥವಾ ಸೇವೆಯಿಂದ ಉಲ್ಬಣಿಸಿತೇ? ಎರಡಕ್ಕೂ 'ಇಲ್ಲ' ಎಂದಿದ್ದರೆ ಶೇ. 80 ಇದ್ದರೂ ಈ ಹಣ ಬರುವುದಿಲ್ಲ. ಆದರೆ ಸೇರುವಾಗ ಆರೋಗ್ಯವಾಗಿದ್ದನೆಂದು ದಾಖಲೆಯಿದ್ದರೆ ಸೈನಿಕನ ಪರವಾಗಿಯೇ ಊಹಿಸಬೇಕೆಂದು 2013ರ ಧರ್ಮವೀರ್ ಸಿಂಗ್ ತೀರ್ಪು ಹೇಳುತ್ತದೆ. ಮೊದಲು ಸೇನೆಗೇ ಮೇಲ್ಮನವಿ ಕೊಡಿ, ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ ಹೋಗಬಹುದು. ಬೋರ್ಡ್ ವರದಿ, ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಹಿಡಿದು ಮೈಸೂರಿನ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಹೋಗಿ, ಅರ್ಜಿ ಬರೆಯಲು ನೆರವು ಕೇಳಿ.