ಟೆರೇಸಿನ ಗ್ರಿಲ್, ಪಕ್ಕದ ಮನೆಯ ಕಿಟಕಿ

ಪ್ರಶ್ನೆ: ಬನಶಂಕರಿಯಲ್ಲಿ 30x40 ಸೈಟಿನ ಸ್ವಂತ ಮನೆ ನಮ್ಮದು. ಭಾನುವಾರ ಟೆರೇಸಿನಲ್ಲಿ ಸೌದೆ ಗ್ರಿಲ್ ಹಚ್ಚುತ್ತೇವೆ. ಹೊಗೆ ಬರುತ್ತದೆ, ಪೊಲೀಸರಿಗೆ ಹೇಳುತ್ತೇವೆ ಎನ್ನುತ್ತಾರೆ ಪಕ್ಕದವರು. ನಮ್ಮ ಟೆರೇಸಿನಲ್ಲಿ ನಾವು ಅಡುಗೆ ಮಾಡುವುದೂ ತಪ್ಪೇ?

ಉತ್ತರ: ಅಡುಗೆ ತಪ್ಪಲ್ಲ. ಟೆರೇಸು ನಿಮ್ಮದಾದರೂ ಹೊಗೆ ಕಾಂಪೌಂಡ್ ದಾಟಿದ ಮೇಲೆ ಅದು ಊರಿನ ವಿಷಯ. ನೆರೆಹೊರೆಯವರ ಆರೋಗ್ಯ ಕೆಡುವಂತೆ ಗಾಳಿ ಹಾಳುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 280ನೇ ಕಲಮಿನಡಿ 1,000 ರೂಪಾಯಿವರೆಗೆ ದಂಡವಿದೆ. ಬೆಂಕಿಯ ವಿಷಯದಲ್ಲಿ ಅಜಾಗರೂಕತೆ ತೋರಿ ಅಪಾಯ ತಂದರೆ 287ನೇ ಕಲಮು: 6 ತಿಂಗಳವರೆಗೆ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಭಾನುವಾರದ ಹೊಗೆ ಅಲ್ಲಿಯವರೆಗೆ ಹೋಗುವುದು ಕಷ್ಟ. ವಾರವಾರವೂ ಬೀದಿಯವರೆಲ್ಲ ಕೆಮ್ಮುವಂತಾದರೆ ಮಾತು ಬೇರೆ. ಉರಿ ಹಚ್ಚಲು ಕಸ, ಪ್ಲಾಸ್ಟಿಕ್ ಕವರ್ ಮಾತ್ರ ಹಾಕಲೇಬೇಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ನಿಮ್ಮ ಜಗಳದ ಮೂಲ ಬಹುಶಃ ಹಸಿ ಸೌದೆ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ: ಒಣಗಿದ್ದರೆ ಠಣ್ ಎನ್ನುತ್ತದೆ, ಕೊನೆಯಲ್ಲಿ ಬಿರುಕು ಕಾಣುತ್ತದೆ, ಹಸಿಯಾಗಿದ್ದರೆ ದಪ್ ಎನ್ನುತ್ತದೆ. ಹಸಿ ಸೌದೆಯಲ್ಲಿ ಶಾಖವೆಲ್ಲ ನೀರು ಆರಿಸುವುದಕ್ಕೇ ಹೋಗಿ, ಉರಿ ಏಳದೆ ದಟ್ಟ ಬಿಳಿ ಹೊಗೆ ಬರುತ್ತದೆ. ಕಣ್ಣು ಉರಿಸುವುದೂ ಮಾಂಸವನ್ನು ಕಹಿ ಮಾಡುವುದೂ ಅದೇ. ಪ್ಲೈವುಡ್, ಪೇಂಟ್ ಬಳಿದ ಹಲಗೆ ಬೇಡ, ಅವುಗಳ ಹೊಗೆ ವಿಷ.

ನಾಲ್ಕು ಜನಕ್ಕೆ ಒಂದೂವರೆ ಕೆಜಿ ಇದ್ದಿಲು ಸಾಕು. ತೆಂಗಿನ ಚಿಪ್ಪಿನ ಚೂರುಗಳ ಮೇಲೆ ಇದ್ದಿಲು ಗುಡ್ಡೆ ಮಾಡಿ ಹಚ್ಚಿ, ಸೀಮೆಎಣ್ಣೆ ಸುರಿಯಬೇಡಿ. ಕೆಂಡದ ಮೇಲೆ ಬೂದಿಯ ತೆಳು ಪದರ ಮೂಡಲು ಸುಮಾರು 20 ನಿಮಿಷ ಬೇಕು. ಅಷ್ಟರವರೆಗೆ ಕೋಳಿ ಇಡಬೇಡಿ. ಹೊಗೆಯ ಘಮ ಬೇಕಿದ್ದರೆ ಒಣಗಿದ ಮಾವಿನ ಅಥವಾ ಸೀಬೆಯ ಎರಡು ಮುಷ್ಟಿಗಾತ್ರದ ತುಂಡು ಹಾಕಿ. ನೀರಲ್ಲಿ ನೆನೆಸುವುದು ಬೇಡ, ಮತ್ತೆ ಅದೇ ಬಿಳಿ ಹೊಗೆ. ಮುಚ್ಚಳದ ಗಾಳಿಕಿಂಡಿ ತೆರೆದೇ ಇರಲಿ, ಶಾಖವನ್ನು ಕೆಳಗಿನ ಕಿಂಡಿಯಿಂದ ಹದ ಮಾಡಿ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ ಎಲ್ಲ ಕಿಂಡಿಗಳನ್ನೂ ಹಾಕಿ.

ಸಿಂಟೆಕ್ಸ್ ಟ್ಯಾಂಕ್, ಸೋಲಾರ್ ಪೈಪು, ಬಟ್ಟೆ ಒಣಹಾಕುವ ಹಗ್ಗದಿಂದ ಹತ್ತು ಅಡಿ ದೂರವಿರಲಿ. ಡಿಸೆಂಬರ್, ಜನವರಿಯ ಸಂಜೆ ಹೊಗೆ ಮೇಲೇರದೆ ಕೆಳಗೇ ನಿಲ್ಲುತ್ತದೆ. ಆ ದಿನಗಳಲ್ಲಿ ಮಧ್ಯಾಹ್ನವೇ ಹಚ್ಚಿ, ಹಿಂದಿನ ದಿನ ಪಕ್ಕದವರಿಗೆ ಒಂದು ಮಾತು ಹೇಳಿ.

ಪ್ರಶ್ನೆ: ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಚಿಕ್ಕ ಇದ್ದಿಲು ಗ್ರಿಲ್ ಇಡಬಹುದೇ? ಗಾಜಿನ ಸ್ಲೈಡಿಂಗ್ ಮುಚ್ಚಿಟ್ಟರೆ ಹೊಗೆ ಹೊರಗೆ ಹೋಗದು.

ಉತ್ತರ: ಬೇಡವೇ ಬೇಡ. ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆನೋವು, ವಾಂತಿ ಬರುವ ಹೊತ್ತಿಗೆ ಎದ್ದು ಹೊರಬರಲು ಶಕ್ತಿಯೇ ಇರದಿರಬಹುದು. ಎಲೆಕ್ಟ್ರಿಕ್ ಗ್ರಿಲ್ ಕೊಳ್ಳಿ. ಕೆಂಡವೇ ಬೇಕೆಂದರೆ ಅಸೋಸಿಯೇಷನ್ನಿನ ಬೈಲಾ ನೋಡಿ, ತೆರೆದ ಜಾಗಕ್ಕೆ ಲಿಖಿತ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ಉಳಿದ ಬೂದಿಯನ್ನು ಕಸದ ಆಟೋಗೆ ಹಾಕಬಹುದೇ? (ಮಲ್ಲೇಶ್ವರ)

ಉತ್ತರ: ಅದೇ ದಿನ ಹಾಕಬೇಡಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಮರುದಿನವೂ ಜೀವಂತವಿರಬಹುದು, ಒಣ ಕಸಕ್ಕೆ ತಾಗಿದರೆ ಆಟೋ ಹತ್ತಿಕೊಳ್ಳುತ್ತದೆ. ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ಚಿಮುಕಿಸಿ ಎರಡು ದಿನ ಇಡಿ. ಬರೀ ಸೌದೆಯ ಬೂದಿಯಾದರೆ ಒಂದು ಹಿಡಿ ಗಿಡದ ಬುಡಕ್ಕೂ ಹಾಕಬಹುದು.