ಎಲೆ ಉದುರುವ ತಿಂಗಳಲ್ಲಿ ವರ್ಷಾರಂಭ: ಜರ್ಮನಿಗೆ ಹೊಸದಾಗಿ ಬಂದ ಸಹೋದರಿಗೆ

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಡುಪಿಯಿಂದ ಬಂದು ಆರು ವಾರವಾಯಿತು, ಎಸ್ಲಿಂಗೆನ್‌ನ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ ಕೈಗೆ ಒಗ್ಗುತ್ತಿದೆ, ಆದರೆ ಬಂದ ಮೂರನೆಯ ವಾರದಲ್ಲೇ ಊರಲ್ಲಿ ಅಜ್ಜಿ ತೀರಿಕೊಂಡರು, ಮಣ್ಣಿಗೆ ಹೋಗಲಾಗಲಿಲ್ಲ, ಅಂದಿನಿಂದ ಪ್ರಾರ್ಥನೆಗೆ ಕುಳಿತರೆ ಮಾತು ಹೊರಡುತ್ತಿಲ್ಲ ಎಂದು ಬರೆದಿದ್ದೀರಿ. ಇಲ್ಲಿಗೆ ಬಂದರೆ ಬದುಕು ಹೊಸದಾಗಿ ಶುರುವಾಗುತ್ತದೆ ಎಂದುಕೊಂಡಿದ್ದೆ, ಇಲ್ಲಿ ನೋಡಿದರೆ ಮರಗಳು ಮೊದಲ್ಗೊಂಡು ಎಲ್ಲವೂ ಮುಗಿಯುತ್ತಿದೆ, ನೀವು ಮೊದಲ ವರ್ಷ ಹೇಗೆ ತಡೆದುಕೊಂಡಿರಿ ಎಂದು ಕೇಳಿದ್ದೀರಿ.

ನಾನು ತಡೆದುಕೊಳ್ಳಲಿಲ್ಲ ಎಂಬುದೇ ನಿಜವಾದ ಉತ್ತರ. 1998ರ ಅಕ್ಟೋಬರ್‌ನಲ್ಲಿ ಬಂದವಳು ನವೆಂಬರ್‌ವರೆಗೆ ವಾಪಸು ಟಿಕೆಟಿನ ಲೆಕ್ಕ ಹಾಕುತ್ತಲೇ ಇದ್ದೆ. ಆದರೆ ಅದೇ ನವೆಂಬರ್‌ನಲ್ಲಿ ಒಂದು ಸಂಗತಿ ತಿಳಿಯಿತು. ಇಲ್ಲಿಯ ಕ್ರೈಸ್ತ ಸಭೆಗೆ ವರ್ಷ ಮುಗಿಯುವುದು ಡಿಸೆಂಬರ್ 31ಕ್ಕಲ್ಲ. ನವೆಂಬರ್ ಕೊನೆಯ ಹೊತ್ತಿಗೆ ಹಳೆಯ ವರ್ಷ ಮುಗಿದು, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ ಮೊದಲ ಭಾನುವಾರ, ಅಂದರೆ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುವ ಭಾನುವಾರದಂದು, ಹೊಸ ವರ್ಷ ಹುಟ್ಟುತ್ತದೆ. ಆಗಮನ ಕಾಲವನ್ನು ಊರಲ್ಲಿ ನಾವೂ ಆಚರಿಸಿದವರೇ. ಆದರೆ ಕ್ರಿಸ್ಮಸ್ ಗಾಯನದ ಅಭ್ಯಾಸ, ಹಬ್ಬದ ತಿಂಡಿ ಕುಸ್ವಾರ್‌ನ ಗಡಿಬಿಡಿಗಳಲ್ಲಿ ಅದರ ಹಿಂದಿನ ಮೂರು ವಾರಗಳತ್ತ ನನ್ನ ಗಮನವೇ ಹೋಗಿರಲಿಲ್ಲ. ಮುಗಿಯಬೇಕಾದುದನ್ನು ಸರಿಯಾಗಿ ಮುಗಿಸದೆ ಇಲ್ಲಿಯವರು ಹೊಸದನ್ನು ಆರಂಭಿಸುವುದಿಲ್ಲ. ನನ್ನನ್ನು ಉಳಿಸಿದ್ದು ಆ ಮೂರು ವಾರಗಳೇ ಎಂದು ಈಗ ಅನ್ನಿಸುತ್ತದೆ.

ನೀವು ಬಂದ ಕೂಡಲೇ ಅಕ್ಟೋಬರ್ ಮೊದಲ ಭಾನುವಾರದ ಸುಗ್ಗಿಯ ಆರಾಧನೆಯನ್ನು ನೋಡಿರಬೇಕು. ಬಲಿಪೀಠದ ಮುಂದೆ ಕುಂಬಳ, ಆಲೂಗಡ್ಡೆ, ಸೇಬು, ದ್ರಾಕ್ಷಿ, ದೊಡ್ಡದೊಂದು ರೊಟ್ಟಿ ಇಟ್ಟಿರುತ್ತಾರೆ. ನಮ್ಮಲ್ಲಾದರೆ ಆರಾಧನೆ ಮುಗಿದದ್ದೇ ಏಲಂ ಶುರುವಾಗಿ, ಒಂದು ಬಾಳೆಗೊನೆಗೆ ಇಬ್ಬರು ಹಿರಿಯರು ಜಿದ್ದಿಗೆ ಬಿದ್ದು ಬೆಲೆ ಏರಿಸಿ, ಅಂಗಳವೆಲ್ಲ ನಗುತ್ತಿತ್ತು. ಇಲ್ಲಿ ಆ ಗದ್ದಲವಿಲ್ಲ. ಹಲವು ಸಭೆಗಳು ಆ ಪದಾರ್ಥಗಳನ್ನು ಬಡವರಿಗೆ ಆಹಾರ ಹಂಚುವ ಟಾಫೆಲ್‌ಗೆ ಕಳುಹಿಸಿಬಿಡುತ್ತವೆ. ಜರ್ಮನ್ನರು ಈ ಋತುವಿಗೆ ಹೇಳುವ ಹೆರ್ಬ್‌ಸ್ಟ್ ಎಂಬ ಮಾತಿನ ಮೂಲಾರ್ಥವೇ ಕೊಯ್ಲು. ನಿಮ್ಮ ಊರಿನ ಮೇಲಿನ ಗುಡ್ಡದ ದ್ರಾಕ್ಷಿತೋಟಗಳಲ್ಲಿ ಹಳಬರು ದ್ರಾಕ್ಷಿ ಕೊಯ್ಯುವುದಕ್ಕೆ ಇಂದಿಗೂ ಆ ಮಾತನ್ನೇ ಬಳಸುತ್ತಾರೆ. ಮಳೆ ನಿಂತು ಆಕಾಶ ತಿಳಿಯಾಗುವ ನಮ್ಮ ಶರದೃತುವಿನ ನೆನಪನ್ನು ಹೊತ್ತು ಬಂದವರಿಗೆ ಈ ಋತು ಮೋಸ ಮಾಡಿದಂತೆ ಕಾಣುತ್ತದೆ. ಹೆಸರು ಒಂದೇ, ಸ್ವಭಾವ ಬೇರೆ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಹತ್ತರ ಆರಾಧನೆಗೆಂದು ಹೋದರೆ ದೇವಾಲಯದ ಬಾಗಿಲು ಹಾಕಿತ್ತು. ಊರಿನ ತೆಳು ಸ್ವೆಟರ್ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತು, ಇವತ್ತು ಆರಾಧನೆ ರದ್ದಾಗಿರುವುದು ನನ್ನೊಬ್ಬಳಿಗೇ ತಿಳಿದಿಲ್ಲವೆಂದು ಅಳು ಬರುವಂತಾಯಿತು. ದೀಪ, ಗಂಟೆ, ಬಾಗಿಲುಗಳ ಉಸ್ತುವಾರಿ ನೋಡುವ ಮೆಸ್ನರ್ ಹೆಂಗಸು ಬಂದವರು ನನ್ನ ಕೈಗಡಿಯಾರವನ್ನು ನೋಡಿ ನಕ್ಕರು. ಒಳಗೆ ಹೋಗಿ ಕುಳಿತುಕೊಳ್ಳಿ ಎನ್ನಬಹುದಿತ್ತು. ಅದರ ಬದಲು ಎರಡು ಪೊರಕೆ ತಂದು ಒಂದನ್ನು ನನ್ನ ಕೈಗೆ ಕೊಟ್ಟರು. ಒದ್ದೆಯಾದ ಮೇಪಲ್ ಎಲೆಗಳು ಕಲ್ಲಿಗೆ ಅಂಟಿಕೊಂಡು, ಗುಡಿಸಿದರೆ ಬಾರದೆ, ಪೊರಕೆಯ ತುದಿಯಿಂದ ಕೆರೆದು ಎಬ್ಬಿಸಬೇಕಾಗಿತ್ತು. ಮುಕ್ಕಾಲು ಗಂಟೆ ಮೌನವಾಗಿ ಗುಡಿಸಿದೆವು. ಕೊನೆಗೆ ಮೈ ಬೆಚ್ಚಗಾಗಿತ್ತು, ಮತ್ತು ಒಳಗೆ ಹೋಗುವಾಗ ನಾನು ಅಪರಿಚಿತಳಾಗಿರಲಿಲ್ಲ. ನಿಮ್ಮ ಸಭೆಯಲ್ಲಿ ಹದಿನೈದು ಮಂದಿ ಮುದುಕರಷ್ಟೇ ಇದ್ದಾರೆ, ಯಾರೂ ಮಾತನಾಡಿಸುವುದಿಲ್ಲ ಎಂದು ಬರೆದಿದ್ದೀರಲ್ಲ. ಈ ಸೀಮೆಯವರು ಮಾತನಾಡಿಸುವುದಕ್ಕಿಂತ ಕೆಲಸ ಹಂಚಿಕೊಡುವುದೇ ಹೆಚ್ಚು. ಕೆಲಸ ಕೇಳಿ ನೋಡಿ.

ಅಲ್ಲಿ ಹಾಡುವ ರಾಗಗಳಲ್ಲಿ ಕೆಲವು ನಿಮಗೆ ಆಗಲೇ ಗೊತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಇಲ್ಲಿಯ ರಾಗಗಳಿಗೆ ಕನ್ನಡದ ಮಾತು ಕೂಡಿಸಿದರು. ನಮ್ಮ ಅಜ್ಜಿಯರು ಹಾಡಿದ್ದು ಅದನ್ನೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ನೀವಿರುವ ಎಸ್ಲಿಂಗೆನ್‌ನಲ್ಲೇ, 1881ರಲ್ಲಿ. ಜರ್ಮನ್ ಸಾಲು ನಾಲಿಗೆಗೆ ಸಿಕ್ಕದಿದ್ದಾಗ ನಾನು ಮೆಲ್ಲಗೆ ಕನ್ನಡದಲ್ಲೇ ಹಾಡುತ್ತೇನೆ. ಇಪ್ಪತ್ತು ವರ್ಷ ದಾಟಿದರೂ ಯಾರೂ ಆಕ್ಷೇಪಿಸಿಲ್ಲ.

ಇನ್ನು ಹೊಸ ಆರಂಭದ ಮಾತು. ಎಲೆ ಉದುರಿದರೇನು, ವಸಂತದಲ್ಲಿ ಚಿಗುರುವುದಿಲ್ಲವೇ, ನಮ್ಮ ಬಾಳೂ ಹಾಗೆಯೇ ಎಂಬ ಹೋಲಿಕೆಯನ್ನು ಪ್ರಸಂಗಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಮರ ಎಲೆ ಬಿಡುವ ಹೊತ್ತಿಗೆ ಮುಂದಿನ ವರ್ಷದ ಮೊಗ್ಗುಗಳನ್ನು ರೆಂಬೆಯಲ್ಲಿ ಕಟ್ಟಿಕೊಂಡೇ ಇರುತ್ತದೆ. ಅದಕ್ಕೆ ಮಾನಸಾಂತರದ, ಅಂದರೆ ತಪ್ಪಿನಿಂದ ಮನಸ್ಸು ತಿರುಗಿಸುವುದರ, ಅಗತ್ಯವಿಲ್ಲ. ನಮಗಿದೆ. ಕ್ರೈಸ್ತ ನಂಬಿಕೆಯಲ್ಲಿ ಹೊಸತು ಕಾಲ ಸರಿದಂತೆ ತಾನಾಗಿ ಬರುವಂಥದ್ದಲ್ಲ. ತಪ್ಪನ್ನು ತಪ್ಪೆಂದು ಒಪ್ಪಿಕೊಂಡು ಕೈ ಚಾಚಿದವರಿಗೆ ಅದು ಕೊಡಲ್ಪಡುತ್ತದೆ.

ಅದಕ್ಕಾಗಿಯೇ ಇಲ್ಲಿಯ ಪ್ರೊಟೆಸ್ಟಂಟರು ಒಂದು ದಿನವನ್ನು ಇಟ್ಟುಕೊಂಡಿದ್ದಾರೆ. ಆಗಮನ ಕಾಲಕ್ಕೆ ಹನ್ನೊಂದು ದಿನ ಮೊದಲು ಬರುವ ಬುಧವಾರ, ಮಾನಸಾಂತರ ಮತ್ತು ಪ್ರಾರ್ಥನೆಯ ದಿನ. ಹಿಂದೆ ಅದು ಸಾರ್ವಜನಿಕ ರಜೆಯಾಗಿತ್ತು. 1995ರಲ್ಲಿ ವೃದ್ಧರ ಆರೈಕೆಗಾಗಿ ಕಡ್ಡಾಯ ವಿಮೆಯನ್ನು ತಂದಾಗ, ಮಾಲೀಕರ ಮೇಲೆ ಬಿದ್ದ ಹೊರೆಯನ್ನು ಸರಿದೂಗಿಸಲು ಸ್ಯಾಕ್ಸನಿಯೊಂದನ್ನು ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಆ ರಜೆಯನ್ನು ತೆಗೆದುಹಾಕಿದರು. ನಿಮ್ಮ ಸಂಬಳದ ಚೀಟಿಯಲ್ಲಿ ಫ್ಲೇಗೆ ಎಂದು ಕಡಿತವಾಗುವ ಮೊತ್ತ ಅದೇ ವಿಮೆಯದು, ಮತ್ತು ನಿಮ್ಮ ಆಶ್ರಮದ ಖರ್ಚಿನಲ್ಲಿ ಒಂದು ಪಾಲು ಬರುವುದೂ ಅದರಿಂದಲೇ. ಪಶ್ಚಾತ್ತಾಪದ ದಿನವನ್ನು ಕೊಟ್ಟು ಮುದುಕರ ಶುಶ್ರೂಷೆಯನ್ನು ಕೊಂಡುಕೊಂಡರು ಎಂದು ಯೋಚಿಸಿದಾಗ ಇದು ಅಂಥ ಕೆಟ್ಟ ವ್ಯಾಪಾರವೇನಲ್ಲ ಎಂದು ನನಗೆ ಅನ್ನಿಸುವುದುಂಟು. ಈಗ ಹೆಚ್ಚಿನ ಕಡೆ ಅಂದಿನ ಆರಾಧನೆ ಕೆಲಸ ಮುಗಿದ ಮೇಲೆ, ಸಂಜೆ ನಡೆಯುತ್ತದೆ.

ಮೊದಲ ವರ್ಷ ನಾನು ಆ ಸಂಜೆ ಹೋದದ್ದು ಹೊರಗಿನ ಚಳಿಗೆ ಹೆದರಿ. ನಾನು ಜರ್ಮನಿಗೆ ಬರುವುದು ಅಪ್ಪನಿಗೆ ಬೇಡವಾಗಿತ್ತು. ಅದೇ ಕಾರಣಕ್ಕೆ ಎರಡು ತಿಂಗಳು ಅವರೊಡನೆ ಮಾತು ಬಿಟ್ಟಿದ್ದೆ. ನಾನು ಹೊರಡುವುದಕ್ಕೆ ಮೊದಲೇ, ಆಗಸ್ಟ್‌ನಲ್ಲಿ, ಅವರು ಹೃದಯಾಘಾತದಿಂದ ತೀರಿಕೊಂಡರು. ಇದನ್ನು ಯಾರೊಡನೆಯೂ ಹೇಳಿರಲಿಲ್ಲ. ಆರಾಧನೆಯಲ್ಲಿ ಪಾಪದ ಅರಿಕೆಗೆಂದು ಬಿಟ್ಟ ದೀರ್ಘ ಮೌನದಲ್ಲಿ ನನಗೆ ಬಂದ ಒಂದೇ ಮಾತು ‘ಅಪ್ಪ’. ಅದು ದೇವರನ್ನು ಕರೆದದ್ದೋ, ತೀರಿಕೊಂಡ ನನ್ನ ತಂದೆಯನ್ನೋ ಎಂದು ಇವತ್ತಿಗೂ ಬೇರ್ಪಡಿಸಿ ಹೇಳಲಾರೆ. ಅಲ್ಲಿಂದ ನೇರವಾಗಿ ರೈಲು ನಿಲ್ದಾಣದ ಫೋನ್ ಬೂತಿಗೆ ಹೋಗಿ, ಕಾರ್ಡಿನಲ್ಲಿ ಉಳಿದಿದ್ದ ಹಣ ಮುಗಿಯುವವರೆಗೂ ಅಮ್ಮನ ಹತ್ತಿರ ಮಾತನಾಡಿದೆ. ಊರಲ್ಲಿ ಆಗ ನಡುರಾತ್ರಿ. ನನ್ನ ಪ್ರಾರ್ಥನೆ ಮತ್ತೆ ಶುರುವಾದದ್ದು ಆ ಬೂತಿನಲ್ಲಿ ಎಂದರೆ ತಪ್ಪಾಗದು.

ಅದರ ಮುಂದಿನ ಭಾನುವಾರವೇ ಸಭಾ ವರ್ಷದ ಕೊನೆಯ ಭಾನುವಾರ. ಪ್ರಷ್ಯದ ಅರಸ ಮೂರನೆಯ ಫ್ರೀಡ್ರಿಖ್ ವಿಲ್ಹೆಲ್ಮ್ 1816ರಲ್ಲಿ ತನ್ನ ರಾಜ್ಯದ ಸಭೆಗಳಲ್ಲಿ ಇದನ್ನು ಮೃತರ ಸ್ಮರಣೆಗೆಂದು ನೇಮಿಸಿದ. ಈ ಸೀಮೆಯಲ್ಲಿ ಇದನ್ನು ನಿತ್ಯತ್ವದ ಭಾನುವಾರ ಎಂದು ಕರೆಯುವುದೇ ಹೆಚ್ಚು. ಆ ವರ್ಷ ತೀರಿಕೊಂಡ ಸಭೆಯವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ, ಒಂದೊಂದು ಹೆಸರಿಗೂ ಒಂದು ಮೇಣದಬತ್ತಿ ಹಚ್ಚುತ್ತಾರೆ. ಸಭಾಪಾಲಕರು ವಿಷಯ ತಿಳಿದು ಅಪ್ಪನ ಹೆಸರನ್ನೂ ಸೇರಿಸುವೆನೆಂದರು. ನನ್ನಿಂದ ನಾಲ್ಕು ಸಲ ಹೇಳಿಸಿಕೊಂಡರೂ ಅಂದು ಓದುವಾಗ ‘ಣ’ ಹೋಗಿ ‘ನ’ ಆಯಿತು. ಆದರೂ ಸುಣ್ಣದ ಗೋಡೆಯ ಆ ತಣ್ಣನೆಯ ದೇವಾಲಯದಲ್ಲಿ, ಈ ಸ್ವಾಬಿಯ ಸೀಮೆಯ ಮುದುಕ ಮುದುಕಿಯರ ಹೆಸರುಗಳ ನಡುವೆ ನನ್ನ ಅಪ್ಪನ ಹೆಸರು ಕೇಳಿದಾಗ, ಅವರು ಹೋದರೆಂಬುದು ಮೊದಲ ಬಾರಿಗೆ ನಿಜವಾಯಿತು.

ಅಂದು ಓದುವುದು ಸಾಮಾನ್ಯವಾಗಿ ಬೈಬಲಿನ 90ನೆಯ ಕೀರ್ತನೆ. ನಮ್ಮ ದಿನಗಳನ್ನು ಎಣಿಸಲು ಕಲಿಸು ಎಂದು ನಾವು ಕನ್ನಡದಲ್ಲಿ ಬಾಯಿಪಾಠ ಮಾಡಿದ್ದೇವೆ. ಲೂಥರ್ ಅದನ್ನು ಜರ್ಮನ್‌ಗೆ ತಂದಾಗ, ನಾವು ಸಾಯಲೇಬೇಕೆಂಬುದನ್ನು ಯೋಚಿಸಲು ಕಲಿಸು ಎಂದು ಮಾಡಿದ. ಪಕ್ಕದಲ್ಲಿ ಕನ್ನಡ ಸತ್ಯವೇದವನ್ನು ತೆರೆದಿಟ್ಟುಕೊಂಡು ಕೇಳಿ. ಲೂಥರನ ಮಾತು ಕಠಿಣ, ಆದರೆ ಸಾವನ್ನು ದಿನವೂ ಹತ್ತಿರದಿಂದ ನೋಡುವ ನಿಮ್ಮಂಥವರಿಗೆ ಅದು ಹೆಚ್ಚು ಪ್ರಾಮಾಣಿಕವೆನ್ನಿಸಬಹುದು. ನನಗೆ ಎರಡೂ ಬೇಕು.

ಇದೆಲ್ಲ ಆದ ಏಳನೆಯ ದಿನಕ್ಕೆ ಆಗಮನ ಕಾಲದ ಹಸಿರು ರೆಂಬೆಗಳ ಬಳೆಯಲ್ಲಿ ಒಂದು ಮೇಣದಬತ್ತಿ ಹೊತ್ತುತ್ತದೆ. ನಾಲ್ಕರಲ್ಲಿ ಒಂದೇ. ಹ್ಯಾಂಬರ್ಗ್‌ನಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸಾಕುತ್ತಿದ್ದ ವಿಖರ್ನ್ ಎಂಬ ದೇವಶಾಸ್ತ್ರಜ್ಞ 1839ರಲ್ಲಿ, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಎಂದು ಕೇಳುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರಕ್ಕೆ ಬತ್ತಿಗಳನ್ನು ಸಿಕ್ಕಿಸಿದ್ದೇ ಇದರ ಮೂಲ. ನಾಲ್ಕೂವರೆಗೇ ಕತ್ತಲು ಕವಿಯುವ ಆ ಸಂಜೆಗಳಲ್ಲಿ ಒಂದು ಬತ್ತಿಯ ಬೆಳಕು ಎಷ್ಟು ದೂರ ಹೋಗುತ್ತದೆಂಬುದನ್ನು ನೀವೇ ನೋಡುವಿರಿ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಕಾಲದ ಮಂಕು ಕೆಲವರಲ್ಲಿ ಕಾಯಿಲೆಯೇ ಆಗುತ್ತದೆ. ನಿದ್ದೆ, ಊಟ, ಕೆಲಸದ ಮೇಲಿನ ಗಮನ ಎರಡು ಮೂರು ವಾರ ಸತತವಾಗಿ ಕೆಟ್ಟರೆ ನಿಮ್ಮ ಕುಟುಂಬ ವೈದ್ಯರಲ್ಲಿಗೆ ಹೋಗಿ. ವಿಶ್ವಾಸ ಸಾಲದ್ದರಿಂದ ಹೀಗಾಯಿತೆಂದು ಊರಿನಿಂದ ಯಾರಾದರೂ ಫೋನಿನಲ್ಲಿ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮಧ್ಯಾಹ್ನದ ವಿರಾಮದಲ್ಲಿ ನೆಕ್ಕರ್ ನದಿಯ ದಂಡೆಯ ಮೇಲೆ ಅರ್ಧ ಗಂಟೆ ನಡೆಯಿರಿ, ಮೋಡವಿದ್ದರೂ ಸರಿ. ಇನ್ನು ಸಭಾ ತೆರಿಗೆಯ ಬಗ್ಗೆ ಕೇಳಿದ್ದೀರಿ: ಊರ ಕಚೇರಿಯಲ್ಲಿ ಹೆಸರು ನೋಂದಾಯಿಸುವಾಗ ಪ್ರೊಟೆಸ್ಟಂಟ್ ಎಂದು ಬರೆಸಿದ್ದರೆ ಕಡಿತವಾಗುತ್ತದೆ, ಈ ರಾಜ್ಯದಲ್ಲಿ ಅದು ನಿಮ್ಮ ಆದಾಯ ತೆರಿಗೆಯ ಶೇ. 8, ಸಂಬಳದ ಶೇ. 8 ಅಲ್ಲ.

ಈಗ ಮಾಡಬೇಕಾದದ್ದು ಒಂದೇ. ಡ್ಯೂಟಿ ಪಟ್ಟಿ ಬರೆಯುವವರಿಗೆ ಈ ವಾರವೇ ಹೇಳಿ, ಆ ಕೊನೆಯ ಭಾನುವಾರದ ಬೆಳಗಿನ ಪಾಳಿಯನ್ನು ಬಿಡಿಸಿಕೊಳ್ಳಿ. ಸಭೆಯ ಕಚೇರಿಗೆ ಹೋಗಿ, ಅಜ್ಜಿ ಇಲ್ಲಿಯ ಸಭೆಯವರಲ್ಲ, ಆದರೂ ಹೆಸರು ಓದುವಿರಾ ಎಂದು ಕೇಳಿ, ಬಹುಶಃ ಇಲ್ಲವೆನ್ನುವುದಿಲ್ಲ. ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಿ, ಎಲ್ಲಿ ದೀರ್ಘ, ಎಲ್ಲಿ ಒತ್ತು ಎಂಬುದನ್ನು ಬಾಯಲ್ಲೂ ಹೇಳಿಕೊಡಿ. ನಾನು ಆರಾಧನೆಗೆ ಮೊದಲಿನ ರೈಲಿನಲ್ಲಿ ಬಂದು ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ.